ನೇರಪ್ರಸಾರದ ವ್ಯವಹಾರ ಮತ್ತು ಪೇಟೆಂಟ್ ಉಲ್ಲಂಘನೆ: ವರ್ತಕರು ಅರಿತಿರಬೇಕಾದ ಸಂಗತಿಗಳು

ವ್ಯಾಪಾರದ ರೀತಿ ಬದಲಾದಂತೆ ಅದಕ್ಕೆ ಅಂಟಿಕೊಂಡು ಬರುವ ಕಾನೂನಿನ ತೊಡಕುಗಳೂ ಬದಲಾಗುತ್ತವೆ. ಹಿಂದೆ ಸರಕಿನ ಮಾದರಿಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಊರೂರು ತಿರುಗುತ್ತಿದ್ದ ವರ್ತಕರು ಇಂದು ಅಂಗಡಿಯಲ್ಲಿ ಕುಳಿತೇ ಸೀರೆಯ ಸೆರಗನ್ನು ಕ್ಯಾಮೆರಾದ ಮುಂದೆ ಬಿಡಿಸಿ ತೋರಿಸುತ್ತಾರೆ. ಸಣ್ಣ ಕೈಗಾರಿಕೆಯ ಮಾಲೀಕರು ತಮ್ಮ ಯಂತ್ರ ಓಡುವುದನ್ನು ದೂರದ ಗ್ರಾಹಕರಿಗೆ ಅದೇ ಕ್ಷಣದಲ್ಲಿ ಕಾಣಿಸುತ್ತಾರೆ. ಕ್ಯಾಮೆರಾ, ಸೆಟ್ ಟಾಪ್ ಪೆಟ್ಟಿಗೆ, ಪ್ರಸಾರದ ತಂತ್ರಾಂಶ ಮುಂತಾದವುಗಳನ್ನು ತಯಾರಿಸುವ ಅಥವಾ ಆಮದು ಮಾಡಿ ಮಾರುವ ವ್ಯವಹಾರಸ್ಥರೂ ಇದ್ದಾರೆ.

"ಸರಕು ನಮ್ಮದು, ಅಂಗಡಿ ನಮ್ಮದು, ಚಿತ್ರವೂ ನಮ್ಮದು, ಇದರಲ್ಲಿ ಇನ್ನೊಬ್ಬರ ಹಕ್ಕು ಎಲ್ಲಿಂದ ಬಂತು?" ಎಂದು ಕೇಳುವುದು ಸಹಜ. ಚಿತ್ರ ನಮ್ಮದಾಗಿರಬಹುದು. ಆದರೆ ಆ ಚಿತ್ರವನ್ನು ಕುಗ್ಗಿಸಿ, ತುಂಡರಿಸಿ, ಸಾವಿರಾರು ನೋಡುಗರಿಗೆ ಏಕಕಾಲದಲ್ಲಿ ತಲುಪಿಸುವ ವಿಧಾನದ ಮೇಲೆ ಬೇರೊಬ್ಬರು ಪೇಟೆಂಟ್ ಪಡೆದಿರಬಹುದು. ಈ ವಿಷಯದಲ್ಲಿ ಅಮೆರಿಕದಲ್ಲಿ ಕಳೆದ ಎರಡು ದಶಕಗಳಿಗೂ ಹೆಚ್ಚು ಕಾಲ ನಡೆದಿರುವ ವ್ಯಾಜ್ಯಗಳು ನಮ್ಮ ವರ್ತಕರಿಗೂ ಪಾಠವಾಗುವಂತಹವು. ಅವುಗಳಲ್ಲಿ ಮುಖ್ಯವಾದ ಕೆಲವನ್ನು ಪರಿಶೀಲಿಸಿ, ಭಾರತದ ಕಾನೂನಿನ ಸ್ಥಿತಿಯನ್ನು ತಿಳಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪೇಟೆಂಟ್ ಮತ್ತು ಕೃತಿಸ್ವಾಮ್ಯ

ಮೊದಲಿಗೆ ಒಂದು ಗೊಂದಲವನ್ನು ಪರಿಹರಿಸಿಕೊಳ್ಳಬೇಕು. ಕ್ರಿಕೆಟ್ ಪಂದ್ಯವನ್ನೋ ಚಲನಚಿತ್ರವನ್ನೋ ಅನುಮತಿಯಿಲ್ಲದೆ ಪ್ರಸಾರ ಮಾಡುವುದು ಪ್ರಸಾರ ಹಕ್ಕಿನ ಅಥವಾ ಕೃತಿಸ್ವಾಮ್ಯದ ಉಲ್ಲಂಘನೆ. ಅಲ್ಲಿನ ಪ್ರಶ್ನೆ ಏನನ್ನು ತೋರಿಸಲಾಯಿತು ಎಂಬುದು. ಪೇಟೆಂಟಿನ ಪ್ರಶ್ನೆ ಬೇರೆ. ಹೇಗೆ ತಲುಪಿಸಲಾಯಿತು ಎಂಬುದೇ ಅಲ್ಲಿ ಮುಖ್ಯ. ಸಂಪೂರ್ಣವಾಗಿ ಸ್ವಂತದ್ದಾದ ಚಿತ್ರವನ್ನು ಪ್ರಸಾರ ಮಾಡುವವರ ಮೇಲೂ ಪೇಟೆಂಟ್ ದಾವೆ ಬರಲು ಸಾಧ್ಯವಿದೆ. ಬೇರೊಬ್ಬರದನ್ನು ನಕಲು ಮಾಡಲಿಲ್ಲ, ನಾವೇ ಸ್ವತಂತ್ರವಾಗಿ ಕಂಡುಕೊಂಡೆವು ಎಂಬ ಸಮರ್ಥನೆ ಕೃತಿಸ್ವಾಮ್ಯದಲ್ಲಿ ನಡೆಯುತ್ತದೆ. ಪೇಟೆಂಟಿನಲ್ಲಿ ಸಾಮಾನ್ಯವಾಗಿ ನಡೆಯದು.

ಪೇಟೆಂಟ್ ಎಂಬುದು ಹೊಸ ಆವಿಷ್ಕಾರವೊಂದಕ್ಕೆ ಸರ್ಕಾರವು ನಿಗದಿತ ಅವಧಿಗೆ ನೀಡುವ ಏಕಸ್ವಾಮ್ಯ. ಭಾರತದಲ್ಲಿ ಈ ಅವಧಿ ಅರ್ಜಿ ಸಲ್ಲಿಸಿದ ದಿನಾಂಕದಿಂದ 20 ವರ್ಷ. ಯಾವ ದೇಶವು ಪೇಟೆಂಟ್ ನೀಡಿದೆಯೋ ಆ ದೇಶದ ಗಡಿಯೊಳಗೆ ಮಾತ್ರ ಅದಕ್ಕೆ ಬಲವುಂಟು. ಅಮೆರಿಕದ ಪೇಟೆಂಟ್ ಒಂದರ ಆಧಾರದಿಂದ ಹುಬ್ಬಳ್ಳಿಯಲ್ಲಿ ತಯಾರಾಗಿ ಹುಬ್ಬಳ್ಳಿಯಲ್ಲಿಯೇ ಮಾರಾಟವಾಗುವ ಸರಕನ್ನು ತಡೆಯಲಾಗದು. ಅದೇ ಸರಕು ಅಮೆರಿಕಕ್ಕೆ ರಫ್ತಾದರೆ ಮಾತು ಬೇರೆ.

ಎಲ್ಲಕ್ಕಿಂತ ಮುಖ್ಯವಾಗಿ ಅರಿಯಬೇಕಾದದ್ದು ಪೇಟೆಂಟ್ ಪತ್ರದ ರಚನೆಯನ್ನು. ಅದರ ಶೀರ್ಷಿಕೆ ಎಷ್ಟೇ ವಿಶಾಲವಾಗಿರಲಿ, ಹಕ್ಕಿನ ಎಲ್ಲೆಯನ್ನು ನಿರ್ಧರಿಸುವುದು ಪತ್ರದ ಕೊನೆಯಲ್ಲಿ ಸಂಖ್ಯೆ ಹಾಕಿ ಬರೆದಿರುವ ವಾಕ್ಯಗಳು. ಇವನ್ನು ಹಕ್ಕುಕೋರಿಕೆಗಳು, ರೂಢಿಯ ಮಾತಿನಲ್ಲಿ ಕ್ಲೇಮುಗಳು, ಎನ್ನುತ್ತಾರೆ. ಜಮೀನಿನ ಕ್ರಯಪತ್ರದಲ್ಲಿ ಚಕ್ಕುಬಂದಿ ಇದ್ದಂತೆ ಪೇಟೆಂಟಿನಲ್ಲಿ ಕ್ಲೇಮು. ಒಂದು ಕ್ಲೇಮಿನಲ್ಲಿ ಆರು ಅಂಶಗಳನ್ನು ಹೇಳಿದ್ದರೆ, ಆ ಆರೂ ಅಂಶಗಳು, ಅಥವಾ ಅವುಗಳಿಗೆ ಸಮಾನವೆಂದು ನ್ಯಾಯಾಲಯ ಒಪ್ಪುವ ಅಂಶಗಳು, ಎದುರಾಳಿಯ ವ್ಯವಸ್ಥೆಯಲ್ಲಿ ಕಂಡುಬಂದಾಗ ಮಾತ್ರ ಉಲ್ಲಂಘನೆಯಾಗುತ್ತದೆ. ಐದು ಇದ್ದು ಒಂದು ಇಲ್ಲವಾದರೆ ಉಲ್ಲಂಘನೆಯಿಲ್ಲ.

ಒಂದು ನೇರಪ್ರಸಾರದಲ್ಲಿ ಎಷ್ಟು ಕೈಗಳು?

ನೋಡುವವರಿಗೆ ನೇರಪ್ರಸಾರ ಒಂದೇ ಕ್ರಿಯೆಯಾಗಿ ಕಾಣುತ್ತದೆ. ವಾಸ್ತವದಲ್ಲಿ ಅದು ಹಲವು ಹಂತಗಳ ಸರಪಳಿ. ಕ್ಯಾಮೆರಾ ಸೆರೆಹಿಡಿದ ದೃಶ್ಯವನ್ನು ಎನ್‌ಕೋಡರ್ ಎಂಬ ಸಾಧನ ಅಥವಾ ತಂತ್ರಾಂಶವು ಕುಗ್ಗಿಸುತ್ತದೆ. ಕುಗ್ಗಿದ ದೃಶ್ಯ ಸರ್ವರಿಗೆ ಹೋಗುತ್ತದೆ. ಅಲ್ಲಿ ಅದನ್ನು ಬೇರೆ ಬೇರೆ ಗುಣಮಟ್ಟದ ಪ್ರತಿಗಳಾಗಿ ಪರಿವರ್ತಿಸಿ, ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಲಾಗುತ್ತದೆ. ಆಪಲ್ ಸಂಸ್ಥೆಯು 2009ರಲ್ಲಿ ಪರಿಚಯಿಸಿದ, ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ವಿಧಾನವು ಈ ಬಗೆಯದು. ನಂತರ ವಿತರಣಾ ಜಾಲದ ಸರ್ವರುಗಳು ಈ ತುಂಡುಗಳನ್ನು ನೋಡುಗರಿಗೆ ಹತ್ತಿರವಿರುವ ಸ್ಥಳಗಳಿಂದ ಕಳುಹಿಸುತ್ತವೆ. ಕೊನೆಗೆ ನೋಡುಗರ ಫೋನಿನಲ್ಲಿರುವ ಪ್ಲೇಯರ್ ಅವುಗಳನ್ನು ಜೋಡಿಸಿ ಬಿಡಿಸಿ ತೋರಿಸುತ್ತದೆ.

ಈ ಪ್ರತಿಯೊಂದು ಹಂತದ ಮೇಲೂ ಪೇಟೆಂಟುಗಳಿವೆ. ಪ್ರತಿಯೊಂದು ಹಂತವನ್ನೂ ಬೇರೆ ಬೇರೆ ಸಂಸ್ಥೆಗಳು ನಿರ್ವಹಿಸುತ್ತಿರಬಹುದು. ಆದ್ದರಿಂದ ವಿವಾದ ಬಂದಾಗ ಎರಡು ಪ್ರಶ್ನೆಗಳು ಏಳುತ್ತವೆ. ಕ್ಲೇಮಿನಲ್ಲಿ ಹೇಳಿರುವ ಎಲ್ಲ ಹಂತಗಳೂ ಇಲ್ಲಿ ನಡೆಯುತ್ತಿವೆಯೇ? ನಡೆಯುತ್ತಿದ್ದರೆ, ನಡೆಸುತ್ತಿರುವವರು ಯಾರು? ಮುಂದಿನ ಮೂರು ಪ್ರಕರಣಗಳನ್ನು ಈ ಪ್ರಶ್ನೆಗಳ ಬೆಳಕಿನಲ್ಲಿ ನೋಡಬೇಕು.

ಅಕೇಶಿಯಾ ಪ್ರಕರಣ: ಸಣ್ಣವರಿಂದ ಆರಂಭ

1991ರ ಜನವರಿಯಲ್ಲಿ ಅಮೆರಿಕದಲ್ಲಿ ಇಬ್ಬರು ಆವಿಷ್ಕಾರಕರು ಧ್ವನಿ ಮತ್ತು ದೃಶ್ಯಗಳನ್ನು ರವಾನಿಸುವ ವ್ಯವಸ್ಥೆಯೊಂದಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದರು. 1992ರ ಜುಲೈನಲ್ಲಿ 5,132,992 ಸಂಖ್ಯೆಯ ಪೇಟೆಂಟ್ ದೊರೆಯಿತು. ದೂರದ ಭಂಡಾರವೊಂದರಲ್ಲಿ ಕಾರ್ಯಕ್ರಮಗಳನ್ನು ಸಂಗ್ರಹಿಸಿಟ್ಟು, ಅವಕ್ಕೆ ಗುರುತಿನ ಸಂಕೇತ ನೀಡಿ, ಡಿಜಿಟಲ್ ರೂಪಕ್ಕೆ ತಂದು ಕುಗ್ಗಿಸಿ, ಬೇಡಿದವರಿಗೆ ದೂರವಾಣಿ, ಕೇಬಲ್ ಅಥವಾ ಉಪಗ್ರಹದ ಮೂಲಕ ಕಳುಹಿಸುವ ಕಲ್ಪನೆ ಅದರಲ್ಲಿತ್ತು. ಅರ್ಜಿ ಸಲ್ಲಿಸಿದಾಗ ವರ್ಲ್ಡ್ ವೈಡ್ ವೆಬ್ ಸಾರ್ವಜನಿಕರಿಗೆ ಇನ್ನೂ ದೊರೆತಿರಲಿಲ್ಲ.

ಈ ಪೇಟೆಂಟ್ ಹಾಗೂ ಅದರ ಸಂಬಂಧಿತ ಪೇಟೆಂಟುಗಳು ಕ್ಯಾಲಿಫೋರ್ನಿಯಾದ ಅಕೇಶಿಯಾ ಎಂಬ ಕಂಪನಿಯ ಕೈಸೇರಿದವು. ಆ ಕಂಪನಿಯು ಪ್ರಸಾರದ ವ್ಯವಹಾರ ನಡೆಸುತ್ತಿರಲಿಲ್ಲ. ಪೇಟೆಂಟುಗಳಿಗೆ ಪರವಾನಗಿ ನೀಡಿ ರಾಯಧನ ಪಡೆಯುವುದೇ ಅದರ ವ್ಯವಹಾರವಾಗಿತ್ತು. 2002ರ ಸುಮಾರಿಗೆ ಅದು ಇಂಟರ್‌ನೆಟ್ಟಿನಲ್ಲಿ ದೃಶ್ಯಗಳನ್ನು ಒದಗಿಸುತ್ತಿದ್ದವರಿಗೆ ಪತ್ರ ಬರೆಯತೊಡಗಿತು. ಮೊದಲು ಗುರಿಯಾದವರಲ್ಲಿ ವಯಸ್ಕರ ಮನರಂಜನೆಯ ಸಣ್ಣ ಸಣ್ಣ ತಾಣಗಳು ಬಹಳ. ಅವುಗಳ ಬಳಿ ದೊಡ್ಡ ವಕೀಲರನ್ನು ನೇಮಿಸುವ ಶಕ್ತಿಯಿರಲಿಲ್ಲ, ಸಾರ್ವಜನಿಕರ ಸಹಾನುಭೂತಿಯೂ ಇರಲಿಲ್ಲ. ಆನಂತರ ಬೇಡಿಕೆಯ ಪತ್ರಗಳು ದೂರಶಿಕ್ಷಣ ನೀಡುತ್ತಿದ್ದ ಕಾಲೇಜುಗಳಿಗೂ ಹೋದವು. 2004ರಲ್ಲಿ ಕಾಮ್‌ಕಾಸ್ಟ್, ಡೈರೆಕ್ ಟಿವಿಯಂತಹ ಕೇಬಲ್ ಮತ್ತು ಉಪಗ್ರಹ ಕಂಪನಿಗಳ ಮೇಲೂ ದಾವೆ ಹೂಡಲಾಯಿತು.

ಬೇಡಿಕೆಯ ಹಿಂದಿನ ಲೆಕ್ಕಾಚಾರವನ್ನು ಯಾವ ವರ್ತಕರಾದರೂ ಒಡನೆಯೇ ಗ್ರಹಿಸಬಲ್ಲರು. ಕೇಳುತ್ತಿದ್ದದ್ದು ಆದಾಯದ ಒಂದು ಸಣ್ಣ ಪಾಲು. ಅಮೆರಿಕದಲ್ಲಿ ಪೇಟೆಂಟ್ ಮೊಕದ್ದಮೆಯನ್ನು ಕೊನೆಯವರೆಗೂ ನಡೆಸಲು ತಗಲುವ ವೆಚ್ಚ ಅದಕ್ಕಿಂತ ಅನೇಕ ಪಟ್ಟು ಹೆಚ್ಚು. ಹೋರಾಡಿ ಗೆದ್ದರೂ ವಕೀಲರ ಶುಲ್ಕ ಹಿಂದಿರುಗುವ ಭರವಸೆಯಿಲ್ಲ. ಹೀಗಿರುವಾಗ ಪೇಟೆಂಟ್ ಸರಿಯೋ ತಪ್ಪೋ ಎಂದು ವಿಚಾರಿಸುವುದಕ್ಕಿಂತ ಹಣ ಕೊಟ್ಟು ಕೈತೊಳೆದುಕೊಳ್ಳುವುದೇ ಲೇಸೆಂದು ನೂರಾರು ಸಂಸ್ಥೆಗಳು ಪರವಾನಗಿಗೆ ಸಹಿ ಹಾಕಿದವು. ಇಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಸಾರ್ವಜನಿಕ ಹಿತಾಸಕ್ತಿ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಹತ್ತು ಆಕ್ಷೇಪಾರ್ಹ ಪೇಟೆಂಟುಗಳ ಪಟ್ಟಿಯಲ್ಲಿ ಇದೂ ಸೇರಿತ್ತು.

ಆದರೆ ಕೆಲವರು ಸಹಿ ಹಾಕಲಿಲ್ಲ. ತಮ್ಮ ತಮ್ಮಲ್ಲಿ ವೆಚ್ಚ ಹಂಚಿಕೊಂಡು ಎದುರಿಸಿದರು. ವಿಚಾರಣೆಯ ಭಾರವೆಲ್ಲ ಕ್ಲೇಮುಗಳ ಪದಗಳ ಮೇಲೆ ಬಿತ್ತು. ನ್ಯಾಯಾಧೀಶ ಜೇಮ್ಸ್ ವೇರ್ ಅವರು 2004ರಲ್ಲಿಯೇ ಕೆಲವು ಮುಖ್ಯ ಪದಗಳ ಅರ್ಥ ಅಸ್ಪಷ್ಟವೆಂದು ಅಭಿಪ್ರಾಯಪಟ್ಟರು. ಹಲವು ಸುತ್ತಿನ ವಾದದ ನಂತರ 2009ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯವು ವಿವಾದಿತ ಕ್ಲೇಮುಗಳು ಅಸಿಂಧುವೆಂದು ತೀರ್ಪಿತ್ತಿತು. 2010ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಈ ಪ್ರಕರಣದಿಂದ ತಿಳಿಯುವುದೇನು? ಸರ್ಕಾರದ ಮುದ್ರೆ ಬಿದ್ದ ಪೇಟೆಂಟೂ ನ್ಯಾಯಾಲಯದ ಪರೀಕ್ಷೆಯಲ್ಲಿ ನಿಲ್ಲದೆ ಹೋಗಬಹುದು. ಮತ್ತೊಂದು ಅಂಶವೂ ಇದೆ. ಆ ಪೇಟೆಂಟಿನ ವಿವರಣೆಯ ತಿರುಳು ಸಂಗ್ರಹಿಸಿಟ್ಟ ಭಂಡಾರ. ಸಂಗ್ರಹವೇ ಇಲ್ಲದ ಶುದ್ಧ ನೇರಪ್ರಸಾರಕ್ಕೆ ಅಂತಹ ಕ್ಲೇಮು ಅನ್ವಯಿಸುತ್ತದೆಯೇ ಎಂದು ಕೇಳುವ ಅವಕಾಶ ಪತ್ರ ಪಡೆದ ಪ್ರತಿಯೊಬ್ಬರಿಗೂ ಇತ್ತು. ಶೀರ್ಷಿಕೆಯನ್ನಷ್ಟೇ ಓದಿದವರಿಗೆ ಆ ಪ್ರಶ್ನೆ ಹೊಳೆಯುವಂತಿರಲಿಲ್ಲ.

ಅಕಮೈ ಮತ್ತು ಲೈಮ್‌ಲೈಟ್: ಉಲ್ಲಂಘನೆ ಮಾಡಿದವರಾರು?

ಎರಡನೆಯ ಪ್ರಕರಣ ವಿತರಣಾ ಜಾಲಕ್ಕೆ ಸಂಬಂಧಿಸಿದ್ದು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಗಣಿತಜ್ಞ ಟಾಮ್ ಲೀಟನ್ ಮತ್ತು ಅವರ ವಿದ್ಯಾರ್ಥಿ ಡೇನಿಯಲ್ ಲೆವಿನ್ ರೂಪಿಸಿದ ವಿಧಾನವೊಂದಕ್ಕೆ 2000ದಲ್ಲಿ ಪೇಟೆಂಟ್ ದೊರೆಯಿತು. ಜಾಲತಾಣದ ಭಾರವಾದ ಅಂಶಗಳನ್ನು ಗುರುತು ಹಚ್ಚಿ, ಅವುಗಳನ್ನು ನೋಡುಗರಿಗೆ ಸಮೀಪದ ಸರ್ವರಿನಿಂದ ಒದಗಿಸುವ ವಿಧಾನವದು. ಅದರ ಪರವಾನಗಿ ಪಡೆದ ಅಕಮೈ ಕಂಪನಿಯು 2006ರಲ್ಲಿ ಲೈಮ್‌ಲೈಟ್ ಎಂಬ ಪ್ರತಿಸ್ಪರ್ಧಿಯ ಮೇಲೆ ದಾವೆ ಹೂಡಿತು.

ಇಲ್ಲಿ ಒಂದು ವಿಚಿತ್ರ ತೊಡಕು ಎದುರಾಯಿತು. ಕ್ಲೇಮಿನ ಬಹುತೇಕ ಹಂತಗಳನ್ನು ಲೈಮ್‌ಲೈಟ್ ನಡೆಸುತ್ತಿತ್ತು. ಗುರುತು ಹಚ್ಚುವ ಹಂತವನ್ನು ಮಾತ್ರ ಅದರ ಗ್ರಾಹಕರು ತಾವೇ ಮಾಡಿಕೊಳ್ಳುತ್ತಿದ್ದರು. ಎಲ್ಲ ಹಂತಗಳನ್ನೂ ಒಬ್ಬರೇ ಮಾಡದಿದ್ದಾಗ ಉಲ್ಲಂಘನೆ ಯಾರದು? 2008ರಲ್ಲಿ ಜ್ಯೂರಿಯು 4 ಕೋಟಿ ಡಾಲರಿಗೂ ಮೀರಿದ ಪರಿಹಾರ ನೀಡಿತು. ಮರುವರ್ಷ ನ್ಯಾಯಾಧೀಶರು ಅದನ್ನು ರದ್ದುಪಡಿಸಿದರು. ಪ್ರಕರಣ ಮೇಲ್ಮನವಿ ನ್ಯಾಯಾಲಯದಿಂದ ಸುಪ್ರೀಂ ಕೋರ್ಟಿಗೆ ಹೋಗಿ, 2014ರ ಜೂನಿನಲ್ಲಿ ಅಲ್ಲಿಂದ ಹಿಂದಿರುಗಿತು. ನೇರವಾದ ಉಲ್ಲಂಘನೆಯೇ ಇಲ್ಲದಿದ್ದರೆ ಅದಕ್ಕೆ ಪ್ರಚೋದನೆ ನೀಡಿದ ಹೊಣೆಯೂ ಇರದು ಎಂದು ಸುಪ್ರೀಂ ಕೋರ್ಟು ಹೇಳಿತು. 2015ರ ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯದ ಪೂರ್ಣಪೀಠವು ನೇರ ಉಲ್ಲಂಘನೆಯ ವ್ಯಾಪ್ತಿಯನ್ನೇ ಮರುಪರಿಶೀಲಿಸಿತು. ಒಂದು ಸೇವೆ ಪಡೆಯಲು ಗ್ರಾಹಕರು ಇಂಥ ಹಂತವನ್ನು ಪೂರೈಸಲೇಬೇಕೆಂದು ಕಂಪನಿಯು ಷರತ್ತು ವಿಧಿಸಿ, ಅದನ್ನು ಯಾವಾಗ ಹೇಗೆ ಮಾಡಬೇಕೆಂದೂ ನಿಗದಿಪಡಿಸಿದರೆ, ಆ ಹಂತವನ್ನೂ ಕಂಪನಿಯೇ ಮಾಡಿದಂತೆ ಎಂಬುದು ಅದರ ನಿರ್ಣಯ. ಜ್ಯೂರಿಯ ತೀರ್ಪಿಗೆ ಮರಳಿ ಜೀವ ಬಂತು. 2016ರಲ್ಲಿ 5 ಕೋಟಿ 40 ಲಕ್ಷ ಡಾಲರುಗಳಿಗೆ ರಾಜಿಯಾಯಿತು.

ವೇದಿಕೆಯೊಂದನ್ನು ಬಳಸಿ ತಮ್ಮ ಸರಕನ್ನು ಪ್ರಸಾರ ಮಾಡುವ ವರ್ತಕರಿಗೆ ಇದರಲ್ಲಿ ಸ್ವಲ್ಪ ಸಮಾಧಾನವೂ ಸ್ವಲ್ಪ ಎಚ್ಚರಿಕೆಯೂ ಇದೆ. ಹೊಣೆಯ ಭಾರ ಇಲ್ಲಿ ವೇದಿಕೆಯ ಮೇಲೆ ಬಿತ್ತು. ಆದರೆ ಗ್ರಾಹಕರ ಒಂದೊಂದು ಕ್ರಿಯೆಯೂ ನ್ಯಾಯಾಲಯದ ಪರಿಶೀಲನೆಗೆ ಒಳಗಾಯಿತೆಂಬುದನ್ನು ಮರೆಯಬಾರದು. ಸೇವಾ ಒಪ್ಪಂದದ ಸಣ್ಣ ಅಕ್ಷರಗಳಿಗೆ ಎಷ್ಟು ಬೆಲೆಯಿದೆ ಎಂಬುದೂ ಇದರಿಂದ ವ್ಯಕ್ತವಾಗುತ್ತದೆ.

ವಾಕ್ಸರ್ ಮತ್ತು ಮೆಟಾ: ನೇರಪ್ರಸಾರವೇ ಕಟಕಟೆಯಲ್ಲಿ

ಪೇಟೆಂಟ್ ಹಿಡಿದು ಬಂದವರೆಲ್ಲ ಹಣಕ್ಕಾಗಿ ಪೀಡಿಸುವವರೆಂದು ತಿಳಿಯುವುದೂ ಸರಿಯಲ್ಲ. ಮೂರನೆಯ ಪ್ರಕರಣ ಇದಕ್ಕೆ ನಿದರ್ಶನ. ವಾಕ್ಸರ್ ಕಂಪನಿಯ ಸ್ಥಾಪಕ ಟಾಮ್ ಕ್ಯಾಟಿಸ್ ಅವರು ಅಮೆರಿಕದ ಸೇನೆಯ ವಿಶೇಷ ಪಡೆಯಲ್ಲಿ ಸಂಪರ್ಕ ವಿಭಾಗದವರಾಗಿ ಅಫ್ಘಾನಿಸ್ತಾನದಲ್ಲಿದ್ದವರು. ಕದನದ ಗಡಿಬಿಡಿಯಲ್ಲಿ ಅಂದಿನ ಸಂಪರ್ಕ ಸಾಧನಗಳ ಕೊರತೆ ಅವರ ಅನುಭವಕ್ಕೆ ಬಂತು. ನೇರ ಸಂಭಾಷಣೆಯ ತಕ್ಷಣತೆ ಮತ್ತು ಸಂದೇಶದ ಭದ್ರತೆ ಎರಡನ್ನೂ ಒಂದುಗೂಡಿಸುವ, ರವಾನೆಯಾಗುತ್ತಿರುವಾಗಲೇ ಸಂಗ್ರಹವೂ ಆಗುವ ವಿಧಾನವನ್ನು ಕಂಪನಿಯು ಅಭಿವೃದ್ಧಿಪಡಿಸಿ ಪೇಟೆಂಟ್ ಪಡೆಯಿತು. 2011ರಲ್ಲಿ ವಾಕಿ ಟಾಕಿ ಆ್ಯಪ್ ಬಿಡುಗಡೆ ಮಾಡಿತು.

ಕಂಪನಿಯ ದಾವೆಯ ಪ್ರಕಾರ 2012ರಲ್ಲಿ ಫೇಸ್‌ಬುಕ್‌ನೊಡನೆ ಸಹಯೋಗದ ಮಾತುಕತೆ ನಡೆದು ಫಲಿಸದೆ ಹೋಯಿತು. ಫೇಸ್‌ಬುಕ್ ಲೈವ್ 2015ರಲ್ಲಿ, ಇನ್‌ಸ್ಟಾಗ್ರಾಂ ಲೈವ್ 2016ರಲ್ಲಿ ಬಂದವು. 2020ರ ಜನವರಿಯಲ್ಲಿ ವಾಕ್ಸರ್ ದಾವೆ ಹೂಡಿತು. 2022ರ ಸೆಪ್ಟೆಂಬರಿನಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದ ಜ್ಯೂರಿಯು ಈ ಎರಡು ಸೇವೆಗಳಿಂದ ವಾಕ್ಸರ್‌ನ ಪೇಟೆಂಟುಗಳ ಉಲ್ಲಂಘನೆಯಾಗಿದೆಯೆಂದು ನಿರ್ಣಯಿಸಿ, ಮೆಟಾ ಸಂಸ್ಥೆಯು 17 ಕೋಟಿ 45 ಲಕ್ಷ ಡಾಲರು ರಾಯಧನ ನೀಡಬೇಕೆಂದಿತು. ಉಲ್ಲಂಘನೆ ನಡೆದಿಲ್ಲವೆಂಬುದು ಮೆಟಾದ ವಾದವಾಗಿತ್ತು.

ಅಕೇಶಿಯಾದಲ್ಲಿ ಬಲವಂತರ ಪತ್ರಕ್ಕೆ ಸಣ್ಣವರು ಎದುರು ನಿಂತರು. ಇಲ್ಲಿ ಸಣ್ಣ ಕಂಪನಿಯೇ ಪೇಟೆಂಟಿನ ಬಲದಿಂದ ದೈತ್ಯನನ್ನು ನ್ಯಾಯಾಲಯಕ್ಕೆ ಎಳೆಯಿತು. ಹೊಸ ವಿಧಾನ ಕಂಡುಹಿಡಿದಿರುವ ನಮ್ಮ ಸಣ್ಣ ಉದ್ಯಮಿಗಳೂ ಇದನ್ನು ಗಮನಿಸಬೇಕು. ಮಾತುಕತೆಗೆ ಕೂರುವ ಮೊದಲೇ ಪೇಟೆಂಟ್ ಅರ್ಜಿ ಸಲ್ಲಿಸಿರುವುದು ಶ್ರೇಯಸ್ಕರ.

ಸಾಧನಗಳ ತಯಾರಕರಿಗೆ ಬೇರೆಯೇ ಹೊಣೆ

ಪ್ರಸಾರ ಮಾಡುವವರಿಗಿಂತ ಪ್ರಸಾರದ ಸಾಧನಗಳನ್ನು ತಯಾರಿಸುವವರು ಹೆಚ್ಚು ಜಾಗರೂಕರಾಗಿರಬೇಕು. ದೃಶ್ಯವನ್ನು ಕುಗ್ಗಿಸುವ ಎಚ್.264 ಮುಂತಾದ ಮಾನದಂಡಗಳಲ್ಲಿ ಅನೇಕ ಕಂಪನಿಗಳ ಪೇಟೆಂಟುಗಳು ಸೇರಿವೆ. ಅವುಗಳನ್ನು ಬಳಸದೆ ಮಾನದಂಡವನ್ನು ಪಾಲಿಸಲಾಗದು. ಇಂತಹ ಪೇಟೆಂಟುಗಳನ್ನು ಒಟ್ಟುಗೂಡಿಸಿ ಒಂದೇ ಪರವಾನಗಿ ನೀಡುವ ಸಮೂಹಗಳಿವೆ. ಎಚ್.264ಕ್ಕೆ ಎಂಪೆಗ್ ಎಲ್ಎ ಎಂಬ ಸಂಸ್ಥೆ ಈ ಕೆಲಸ ಮಾಡುತ್ತಿತ್ತು. 2023ರಲ್ಲಿ ಅದು ವಿಯಾ ಸಂಸ್ಥೆಯಲ್ಲಿ ಸೇರಿತು. ಎಂಪೆಗ್ ಎಲ್ಎ ಪ್ರಕಟಿಸಿದ್ದ ಷರತ್ತುಗಳಲ್ಲಿ ವರ್ಷಕ್ಕೆ ಮೊದಲ 1 ಲಕ್ಷ ಘಟಕಗಳಿಗೆ ರಾಯಧನವಿರಲಿಲ್ಲ. ಅನಂತರ ನಿಗದಿತ ಸಂಖ್ಯೆಯವರೆಗಿನ ಪ್ರತಿ ಘಟಕಕ್ಕೆ 20 ಸೆಂಟು. ನೋಡುಗರಿಗೆ ಉಚಿತವಾದ ಇಂಟರ್‌ನೆಟ್ ಪ್ರಸಾರಕ್ಕೆ ರಾಯಧನ ಕೇಳುವುದಿಲ್ಲವೆಂದು 2010ರ ಆಗಸ್ಟಿನಲ್ಲಿ ಅದು ಘೋಷಿಸಿತು. ಇಂತಹ ಷರತ್ತುಗಳು ಕಾಲಕಾಲಕ್ಕೆ ಬದಲಾಗುವುದರಿಂದ ತಯಾರಿಕೆ ಆರಂಭಿಸುವ ಮುನ್ನ ಜಾರಿಯಲ್ಲಿರುವ ದರಪಟ್ಟಿಯನ್ನು ತರಿಸಿ ನೋಡುವುದು ಅಗತ್ಯ.

ಈ ಮಾತು ಪರದೇಶಕ್ಕಷ್ಟೇ ಸೀಮಿತವಲ್ಲ. ಡಿ.ವಿ.ಡಿ. ಪ್ಲೇಯರುಗಳ ಬಿಡಿಭಾಗಗಳನ್ನು ತರಿಸಿ ಜೋಡಿಸಿ ಮಾರುತ್ತಿದ್ದ ತಯಾರಕರ ಮೇಲೆ ಫಿಲಿಪ್ಸ್ ಕಂಪನಿ ಹೂಡಿದ್ದ ದಾವೆಯಲ್ಲಿ ದೆಹಲಿ ಹೈಕೋರ್ಟು 2018ರ ಜುಲೈನಲ್ಲಿ ತೀರ್ಪು ನೀಡಿತು. ಪರವಾನಗಿ ಉಳ್ಳವರಿಂದಲೇ ಬಿಡಿಭಾಗ ಕೊಂಡಿದ್ದೇವೆಂಬ ಸಮರ್ಥನೆಯನ್ನು ತಯಾರಕರು ಸಾಕ್ಷ್ಯದಿಂದ ಸ್ಥಾಪಿಸಲಾಗಲಿಲ್ಲ. ಪ್ರತಿ ಪ್ಲೇಯರಿಗೆ ಇಂತಿಷ್ಟೆಂದು ರಾಯಧನ ಕೊಡಬೇಕಾಯಿತು. ದಾವೆ ಇತ್ಯರ್ಥವಾಗುವ ಹೊತ್ತಿಗೆ ಪೇಟೆಂಟಿನ ಅವಧಿ ಮುಗಿದಿತ್ತು. ಬಾಕಿಯ ಲೆಕ್ಕ ಮಾತ್ರ ಉಳಿದಿತ್ತು. 2023ರಲ್ಲಿ ನೋಕಿಯಾ ಸಂಸ್ಥೆಯು ಅಮೆಜಾನಿನ ದೃಶ್ಯಸೇವೆ ಮತ್ತು ಸಾಧನಗಳ ಬಗ್ಗೆ ಹಲವು ದೇಶಗಳಲ್ಲಿ ದಾವೆ ಹೂಡಿದಾಗ ಭಾರತವೂ ಆ ಪಟ್ಟಿಯಲ್ಲಿತ್ತು. 2025ರ ಮಾರ್ಚಿನಲ್ಲಿ ಆ ವಿವಾದ ರಾಜಿಯಲ್ಲಿ ಮುಗಿಯಿತು.

ಭಾರತದ ಕಾನೂನು ಏನು ಹೇಳುತ್ತದೆ?

1970ರ ಪೇಟೆಂಟ್ ಅಧಿನಿಯಮದ 3(ಕೆ) ಪ್ರಕರಣದಂತೆ ಕೇವಲ ಕಂಪ್ಯೂಟರ್ ಕ್ರಮವಿಧಿ, ಗಣಿತ ವಿಧಾನ ಅಥವಾ ವ್ಯವಹಾರ ವಿಧಾನ ಪೇಟೆಂಟಿಗೆ ಅರ್ಹವಲ್ಲ. ಆದರೆ ತಂತ್ರಾಂಶವಿದೆ ಎಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ತಳ್ಳಿಹಾಕಲಾಗದೆಂದೂ, ತಾಂತ್ರಿಕ ಪರಿಣಾಮವಿದೆಯೇ ಎಂದು ನೋಡಬೇಕೆಂದೂ ದೆಹಲಿ ಹೈಕೋರ್ಟು 2019ರ ಡಿಸೆಂಬರಿನಲ್ಲಿ ಫರೀದ್ ಅಲ್ಲಾನಿ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ "ಭಾರತದಲ್ಲಿ ತಂತ್ರಾಂಶಕ್ಕೆ ಪೇಟೆಂಟಿಲ್ಲ" ಎಂದು ನೆಮ್ಮದಿಯಿಂದ ಕೂರುವಂತಿಲ್ಲ.

ನೋಟಿಸು ಪಡೆದವರಿಗೆ ಅಧಿನಿಯಮದಲ್ಲಿಯೇ ಕೆಲವು ರಕ್ಷಣೆಗಳಿವೆ. 13(4) ಪ್ರಕರಣದಂತೆ ಪೇಟೆಂಟ್ ಕಚೇರಿಯ ಪರಿಶೀಲನೆಯಿಂದ ಪೇಟೆಂಟ್ ಸಿಂಧುವೆಂಬ ಖಾತರಿ ಏನೂ ಹುಟ್ಟುವುದಿಲ್ಲ. 64ನೇ ಪ್ರಕರಣದಡಿ ಪ್ರತಿದಾವೆಯ ಮೂಲಕ ಪೇಟೆಂಟನ್ನೇ ರದ್ದುಪಡಿಸುವಂತೆ ಕೋರಬಹುದು. ಹಾಗೆ ಕೋರಿದಾಗ ಜಿಲ್ಲಾ ನ್ಯಾಯಾಲಯದಲ್ಲಿರುವ ದಾವೆ 104ನೇ ಪ್ರಕರಣದಂತೆ ಹೈಕೋರ್ಟಿಗೆ ವರ್ಗವಾಗುತ್ತದೆ. ನಮ್ಮ ವಿಧಾನವು ಇಂಥ ಪೇಟೆಂಟನ್ನು ಉಲ್ಲಂಘಿಸುವುದಿಲ್ಲವೆಂಬ ಘೋಷಣೆಯನ್ನು 105ನೇ ಪ್ರಕರಣದಡಿ ಮುಂಚಿತವಾಗಿಯೇ ಕೇಳಬಹುದು. ಆಧಾರವಿಲ್ಲದೆ ಬೆದರಿಸಿದವರ ಮೇಲೆ 106ನೇ ಪ್ರಕರಣದಡಿ ದಾವೆ ಹೂಡಿ ತಡೆಯಾಜ್ಞೆ ಮತ್ತು ನಷ್ಟಪರಿಹಾರ ಪಡೆಯಬಹುದು. ಪೇಟೆಂಟ್ ಇದೆಯೆಂದು ತಿಳಿಸುವುದಷ್ಟೇ ಬೆದರಿಕೆ ಎನಿಸುವುದಿಲ್ಲ.

111ನೇ ಪ್ರಕರಣವು ವಿಶೇಷ ಗಮನಕ್ಕೆ ಅರ್ಹ. ಪೇಟೆಂಟ್ ಇರುವುದು ತಮಗೆ ತಿಳಿದಿರಲಿಲ್ಲ, ತಿಳಿಯಲು ಸಕಾರಣವೂ ಇರಲಿಲ್ಲವೆಂದು ಸಾಬೀತುಪಡಿಸಿದವರ ಮೇಲೆ ನಷ್ಟಪರಿಹಾರ ವಿಧಿಸುವಂತಿಲ್ಲ. ಆದರೆ ಮುಂದಕ್ಕೆ ತಡೆಯಾಜ್ಞೆ ನೀಡಬಹುದು. ನೋಟಿಸು ಕೈಸೇರಿದ ದಿನದಿಂದ "ತಿಳಿದಿರಲಿಲ್ಲ" ಎಂಬ ರಕ್ಷಣೆ ಕಳಚಿಬೀಳುತ್ತದೆ. ಆದ್ದರಿಂದ ನೋಟಿಸನ್ನು ಮೇಜಿನ ಸೆಳೆಖಾನೆಗೆ ಸೇರಿಸಿ ಮರೆತುಬಿಡುವುದು ಅತ್ಯಂತ ದುಬಾರಿಯಾದ ತಪ್ಪು.

ನೋಟಿಸು ಬಂದರೆ ಮಾಡಬೇಕಾದದ್ದು

1. ನೋಟಿಸು ತಲುಪಿದ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ಲಕೋಟೆಯನ್ನೂ ಸಂಬಂಧಿಸಿದ ಪತ್ರವ್ಯವಹಾರವನ್ನೂ ಕಾಪಾಡಿ. ವಕೀಲರನ್ನು ಕಾಣುವ ಮೊದಲು ಫೋನಿನಲ್ಲಾಗಲಿ ಪತ್ರದಲ್ಲಾಗಲಿ ಏನನ್ನೂ ಒಪ್ಪಿಕೊಳ್ಳಬೇಡಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಗಬಾರದು.

2. ಪೇಟೆಂಟ್ ಸಂಖ್ಯೆಯನ್ನು ಕೇಳಿ. ಅದು ಯಾವ ದೇಶದ್ದು, ಅವಧಿ ಮುಗಿದಿದೆಯೇ, ವಾರ್ಷಿಕ ಶುಲ್ಕ ಕಟ್ಟಿ ಚಾಲ್ತಿಯಲ್ಲಿಟ್ಟಿದ್ದಾರೆಯೇ ಎಂದು ಪರಿಶೀಲಿಸಿ. ಭಾರತದ ಪೇಟೆಂಟುಗಳನ್ನು ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಕರ್ನಾಟಕವು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಸೇರಿದೆ.

3. ಕ್ಲೇಮುಗಳ ಒಂದೊಂದು ಅಂಶವನ್ನೂ ಒಂದು ಕಡೆ, ನಿಮ್ಮ ವ್ಯವಸ್ಥೆಯಲ್ಲಿ ನಡೆಯುವುದನ್ನು ಎದುರುಗಡೆ ಬರೆದು ಖಾತೆಯ ಜಮಾಖರ್ಚಿನಂತೆ ತಾಳೆ ನೋಡಿ. ಯಾವ ಹಂತ ನಿಮ್ಮಲ್ಲಿಲ್ಲ, ಯಾವುದನ್ನು ವೇದಿಕೆಯೋ ಸರಬರಾಜುದಾರರೋ ಮಾಡುತ್ತಾರೆ ಎಂಬುದು ಆಗ ಸ್ಪಷ್ಟವಾಗುತ್ತದೆ. ಪೇಟೆಂಟ್ ಏಜೆಂಟರ ಬಳಿಗೆ ಹೋಗುವಾಗ ಈ ಹಾಳೆ ನಿಮ್ಮ ಕೈಯಲ್ಲಿರಲಿ.

4. ಸೇವಾ ಒಪ್ಪಂದ, ಖರೀದಿಯ ಬಿಲ್ಲುಗಳನ್ನು ತೆಗೆದು ನೋಡಿ. ಪೇಟೆಂಟ್ ದಾವೆ ಬಂದರೆ ನಷ್ಟ ಭರಿಸುವ ಹೊಣೆ ಸರಬರಾಜುದಾರರದೆಂಬ ಷರತ್ತು ಇದ್ದರೆ ಅವರಿಗೆ ತಡಮಾಡದೆ ಲಿಖಿತವಾಗಿ ತಿಳಿಸಿ. ಇಲ್ಲದಿದ್ದರೆ ಮುಂದಿನ ಒಪ್ಪಂದದಲ್ಲಿ ಸೇರಿಸಿಕೊಳ್ಳಿ. ರಫ್ತು ಮಾಡುವವರು ವಿದೇಶಿ ಖರೀದಿದಾರರು ಇದೇ ಷರತ್ತನ್ನು ತಮ್ಮ ಮೇಲೆ ಹೇರಿರುವರೇ ಎಂಬುದನ್ನೂ ಓದಿ ಸಹಿ ಹಾಕಬೇಕು.

5. ಅದೇ ಪತ್ರ ಇತರರಿಗೂ ಬಂದಿದೆಯೇ ಎಂದು ವಿಚಾರಿಸಿ. ಅಕೇಶಿಯಾ ಪ್ರಕರಣದಲ್ಲಿ ಗೆದ್ದವರು ಒಂಟಿಯಾಗಿ ಗೆಲ್ಲಲಿಲ್ಲ. ವೆಚ್ಚ ಹಂಚಿಕೊಳ್ಳಲು, ಹಳೆಯ ದಾಖಲೆಗಳನ್ನು ಹುಡುಕಲು ವಾಣಿಜ್ಯ ಸಂಘಗಳು ನೆರವಾಗಬಲ್ಲವು.

6. ಹಕ್ಕು ನಿಜವಾದದ್ದು, ಉಲ್ಲಂಘನೆಯೂ ನಿಜವೆಂದು ಕಂಡುಬಂದರೆ ಪರವಾನಗಿ ಪಡೆಯಲು ಹಿಂಜರಿಯಬೇಡಿ. ಆಗ ದರದ ಬಗ್ಗೆ ಚರ್ಚಿಸಿ, ಹಿಂದಿನ ಬಾಕಿ ಮತ್ತು ಮುಂದಿನ ಅವಧಿ ಎರಡನ್ನೂ ಪತ್ರದಲ್ಲಿ ಸ್ಪಷ್ಟಪಡಿಸಿಕೊಳ್ಳಿ.

ಇಷ್ಟೆಲ್ಲ ಓದಿ ನೇರಪ್ರಸಾರವನ್ನೇ ಬಿಟ್ಟುಬಿಡುವುದು ನೆಗಡಿಗೆ ಹೆದರಿ ಮೂಗು ಕೊಯ್ದುಕೊಂಡಂತೆ. ಪ್ರಸಿದ್ಧ ವೇದಿಕೆಯೊಂದರಲ್ಲಿ ತಮ್ಮ ಸರಕನ್ನು ತೋರಿಸುವ ಅಂಗಡಿಯವರಿಗೆ ಅಪಾಯ ಕಡಿಮೆ. ಸ್ವಂತ ವೇದಿಕೆ ಕಟ್ಟುವವರಿಗೆ, ಸಾಧನ ತಯಾರಿಸುವವರಿಗೆ, ಆಮದು ಮಾಡುವವರಿಗೆ, ರಫ್ತುದಾರರಿಗೆ ಅದು ಹೆಚ್ಚು. ಅಕೇಶಿಯಾದ ಪತ್ರಕ್ಕೆ ಅಂಜಿ ಹಣ ತೆತ್ತ ನೂರಾರು ಸಂಸ್ಥೆಗಳಲ್ಲಿ ಕ್ಲೇಮಿನ ಪದಗಳನ್ನು ತಾಳೆ ನೋಡಿದವರು ಎಷ್ಟು ಮಂದಿಯೋ ತಿಳಿಯದು. ತಾಳೆ ನೋಡಿ ನಿಂತವರು ಮಾತ್ರ ಏಳೆಂಟು ವರ್ಷಗಳ ನಂತರವಾದರೂ ತಮ್ಮ ವ್ಯವಹಾರವನ್ನು ಋಣಮುಕ್ತವಾಗಿ ಉಳಿಸಿಕೊಂಡರು. ಕ್ರಯಪತ್ರದ ಚಕ್ಕುಬಂದಿ ಓದದೆ ನಮ್ಮ ವರ್ತಕರು ಜಮೀನು ಕೊಳ್ಳುವುದಿಲ್ಲ. ಪೇಟೆಂಟ್ ನೋಟಿಸಿನ ವಿಷಯದಲ್ಲಿಯೂ ಅದೇ ಪದ್ಧತಿಯನ್ನು ಅನುಸರಿಸಿದರೆ ಅನಗತ್ಯ ಭಯಕ್ಕೂ ಅನಗತ್ಯ ನಷ್ಟಕ್ಕೂ ಎಡೆಯಿರದು.